ಮುದಿ ನಾಯಿಯ ಹಿಂಗಾಲು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ಕಡೆಯ ತೋಟಗಳಲ್ಲಿಯೂ ಊರೊಳಗಿನ ಮನೆಗಳಲ್ಲಿಯೂ ಅಲ್ಸೇಷಿಯನ್ ಮೊದಲಾದ ದೊಡ್ಡ ಜಾತಿಯ ನಾಯಿಗಳನ್ನು ಕಾವಲಿಗೆ ಸಾಕುವುದುಂಟು. ಇಂಥ ನಾಯಿಗೆ ಎಂಟು ವರ್ಷ ದಾಟಿತೆಂದರೆ ಮುಪ್ಪು ಬಂದಂತೆಯೇ ಸರಿ. ಏಳುವಾಗ ಹಿಂಗಾಲು ನಡುಗುತ್ತದೆ. ನಡೆಯುವಾಗ ಸೊಂಟ ತೂಗಾಡುತ್ತದೆ. 'ಲಕ್ವ ಹೊಡೆಯಿತು' ಎಂದು ಮನೆಯವರು ಕೈಚೆಲ್ಲುತ್ತಾರೆ. ಆದರೆ ಆ ನಾಯಿ ಬೀಳುವುದರಲ್ಲಿ ರೋಗದ ಪಾಲೆಷ್ಟು, ನೆಲದ ಪಾಲೆಷ್ಟು ಎಂದು ವಿಚಾರಿಸುವವರು ವಿರಳ.

ದೊಡ್ಡ ನಾಯಿಗೇ ಈ ಕಷ್ಟ ಹೆಚ್ಚೇಕೆ? ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಮೂಲಸೂತ್ರವಿದೆ. ಪ್ರಾಣಿಯ ಅಳತೆ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಕಾಲಿನ ಅಡ್ಡಕೊಯ್ತದ ವಿಸ್ತಾರ ಮಾತ್ರ ನಾಲ್ಕರಷ್ಟೇ. ಸಣ್ಣ ನಾಯಿ ತನ್ನಂಥ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊರಬಹುದು, ಕುದುರೆ ತನ್ನಂಥ ಒಂದನ್ನೂ ಹೊರಲಾರದು ಎಂದು ಆತನೇ ಊಹಿಸಿದ್ದನು.

40 ಕಿಲೋಗ್ರಾಂ ತೂಗುವ ನಾಯಿಯನ್ನು ತೆಗೆದುಕೊಳ್ಳೋಣ. ಸಮನೆಲದ ಮೇಲೆ ಭಾರದ ಶೇಕಡ 60ರಷ್ಟು ಮುಂಗಾಲುಗಳ ಮೇಲೆಯೂ, ಉಳಿದ 16 ಕಿಲೋಗ್ರಾಂ ಹಿಂಗಾಲುಗಳ ಮೇಲೆಯೂ ಬೀಳುತ್ತದೆ. ಎಳೆಯ ನಾಯಿಯ ತೊಡೆಯ ಸ್ನಾಯುಗಳು ಕಾಲುಗಳನ್ನು ಒಳಕ್ಕೆ ಬಿಗಿಹಿಡಿದಿರುತ್ತವೆ. ಮುಪ್ಪಿನಲ್ಲಿ ಸ್ನಾಯು ಸೊರಗಿದಾಗ ಆ ಕೆಲಸವನ್ನು ನೆಲದ ಘರ್ಷಣೆಯೇ ಮಾಡಬೇಕು. ಕಾಲು ಲಂಬದಿಂದ 20 ಡಿಗ್ರಿ ಹೊರಕ್ಕೆ ವಾಲಿದರೆ, ಜಾರದಿರಲು ಘರ್ಷಣಾಂಕ 0.36 ಆದರೂ ಇರಬೇಕು. 30 ಡಿಗ್ರಿಗೆ 0.58. ಜಾರಿದಷ್ಟೂ ಬೇಕಾಗುವ ಹಿಡಿತ ಹೆಚ್ಚುತ್ತ ಹೋಗುವುದರಿಂದ, ಒಮ್ಮೆ ಜಾರತೊಡಗಿದ ಕಾಲು ತಾನಾಗಿ ನಿಲ್ಲದು. ಹಿಂದಿನ ಒರಟು ಚಪ್ಪಡಿಯ, ಸಗಣಿ ಸಾರಿಸಿದ ಮಣ್ಣಿನ ನೆಲಗಳು ಹೋಗಿ ಕನ್ನಡಿಯಂಥ ಗ್ರಾನೈಟು ಬಂದಿದೆ. ನಮ್ಮ ಕಣ್ಣಿಗೆ ಅಂದವೇ. ನಾಯಿಯ ಪಾಲಿಗೆ ಅದು ಮಂಜುಗಡ್ಡೆ! ನಾಯಿ ಓಡಾಡುವ ದಾರಿಯುದ್ದಕ್ಕೂ ಅಡಿಯಲ್ಲಿ ರಬ್ಬರಿರುವ ಚಾಪೆ ಹಾಸಿ, ಉಗುರನ್ನೂ ಅಂಗಾಲಿನ ನಡುವಣ ಕೂದಲನ್ನೂ ಕತ್ತರಿಸಿದರೆ, ಬಿದ್ದೇಹೋಯಿತೆಂದುಕೊಂಡ ಎಷ್ಟೋ ನಾಯಿಗಳು ಎದ್ದು ನಡೆಯುತ್ತವೆ.

ಮೆಟ್ಟಿಲು ಇನ್ನೊಂದು ಶತ್ರು. ನಾಯಿಯ ಗುರುತ್ವಕೇಂದ್ರದ ಎತ್ತರ 45 ಸೆಂಟಿಮೀಟರೆಂದೂ, ಮುಂದಿನ ಹಿಂದಿನ ಪಾದಗಳ ಅಂತರ 65 ಸೆಂಟಿಮೀಟರೆಂದೂ ಇಟ್ಟುಕೊಂಡು ಲೆಕ್ಕಮಾಡಿದರೆ, 30 ಡಿಗ್ರಿ ಏರಿನಲ್ಲಿ ಹಿಂಗಾಲುಗಳ ಪಾಲು 16ರಿಂದ ಸುಮಾರು 28 ಕಿಲೋಗ್ರಾಮಿಗೆ ಏರುತ್ತದೆ. ಜಗಲಿಗೆ ಎರಡೂವರೆ ಮೀಟರು ಉದ್ದದ ಹಲಗೆಯನ್ನು ಓರೆಯಾಗಿ ಇಟ್ಟು ಏರನ್ನು 10 ಡಿಗ್ರಿಗೆ ಇಳಿಸಿದರೆ 21 ಸಾಕು. ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಮಾಡಿ ನೋಡಲಿ. ಮೈತೂಕ ಇಳಿಸುವುದೂ ಔಷಧಕ್ಕೆ ಕಡಮೆಯಲ್ಲ. ಪ್ರೀತಿಯಿಂದ ಹಾಕುವ ತುತ್ತೆಲ್ಲ ಸೋತ ಕಾಲಿನ ಮೇಲೆಯೇ ಕೂರುತ್ತದೆ.

ಇನ್ನು ರೋಗದ ಮಾತು. ಸೊಂಟದ ಕೀಲು ಸವೆದಿದ್ದರೆ ನೋವಿರುತ್ತದೆ. ನಾಯಿ ಬೆಳಗ್ಗೆ ಬಿಗಿದಂತಿದ್ದು ಅನಂತರ ಸ್ವಲ್ಪ ಸಡಿಲವಾಗುತ್ತದೆ. ಬೆನ್ನುಹುರಿಯೇ ಮೆಲ್ಲಗೆ ಕ್ಷಯಿಸುವ ಇನ್ನೊಂದು ರೋಗದಲ್ಲಿ ನೋವಿಲ್ಲ, ಆದರೆ ಬೆರಳು ನೆಲಕ್ಕೆ ಎಳೆದು ಉಗುರು ಸವೆಯುತ್ತದೆ. ಅಲ್ಸೇಷಿಯನ್ನುಗಳಲ್ಲಿ ಇದನ್ನು 1973ರಲ್ಲಿ ವಿವರಿಸಿದರು. ಇದಕ್ಕೆ ಸಂಬಂಧಿಸಿದ ಜೀನಿನ ದೋಷ 2009ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಸ್ನಾಯುಗಳನ್ನು ಸೊರಗಿಸುವ ಒಂದು ಘೋರ ನರರೋಗಕ್ಕೆ ಕೆಲವು ಕುಟುಂಬಗಳಲ್ಲಿ ಕಾರಣವಾಗುವುದೂ ಅದೇ ಜೀನು. ಹಿಂಗಾಲಿನ ಪಾದವನ್ನು ಮೆಲ್ಲಗೆ ಮಗುಚಿ ನೆಲಕ್ಕಿಟ್ಟು ನೋಡಿ: ಆರೋಗ್ಯವಂತ ನಾಯಿ ತಟಕ್ಕನೆ ಸರಿಪಡಿಸಿಕೊಳ್ಳುತ್ತದೆ; ನರ ಕೆಟ್ಟ ನಾಯಿಗೆ ಅದರ ಅರಿವೇ ಆಗದು. ನಿರ್ಣಯ ಮಾತ್ರ ಪಶುವೈದ್ಯರದು. ಕೆಲವೇ ಗಂಟೆಗಳಲ್ಲಿ ಕಾಲು ಬಿದ್ದುಹೋದರೆ ತಡಮಾಡದೆ ಅವರಲ್ಲಿಗೆ ಒಯ್ಯಬೇಕು. 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯ ಕಾಲೇಜು ನಮ್ಮ ಸೀಮೆಗೆ ದೂರವಲ್ಲ. ಮನೆಯಲ್ಲಿರುವ ಐಬುಪ್ರೊಫೇನ್, ಪ್ಯಾರಾಸಿಟಮಾಲ್‌ಗಳನ್ನು ಕೊಡಲೇಬಾರದು. ಮೊದಲನೆಯದು ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ, ಎರಡನೆಯದು ಯಕೃತ್ತನ್ನೂ ರಕ್ತವನ್ನೂ ಕೆಡಿಸಬಲ್ಲದು.

ಬೆನ್ನುಹುರಿಯ ಕ್ಷಯಕ್ಕೆ ಪರಿಹಾರವಿನ್ನೂ ಇಲ್ಲ. ಆದರೂ ನಾಯಿಯನ್ನು ಮಲಗಿಸಿಯೇ ಬಿಡಬಾರದು. ದಿನವೂ ಸ್ವಲ್ಪ ಸ್ವಲ್ಪ ನಡೆಸಬೇಕು. ಅಗಲವಾದ ಟವೆಲ್ಲನ್ನು ಹೊಟ್ಟೆಯ ಕೆಳಗೆ, ತೊಡೆಗಳ ಮುಂದೆ ಹಾಯಿಸಿ ಎತ್ತಿಹಿಡಿದು ಹಿಂಗಾಲಿನ ಭಾರದಲ್ಲಿ ಅರ್ಧವನ್ನು ಹೊತ್ತರೂ ಸಾಕು. ಅದು ಸುಮಾರು ಅರ್ಧ ಬಿಂದಿಗೆ ನೀರಿನ ಭಾರ. ಮುಂಗಾಲು ಗಟ್ಟಿಯಾಗಿರುವವರೆಗೆ ಚಕ್ರದ ಗಾಡಿಯೂ ನಡೆಯುತ್ತದೆ. ಅಲ್ಯೂಮಿನಿಯಂ ಕೊಳವೆ, ಎರಡು ಹಗುರ ಚಕ್ರಗಳಿದ್ದರೆ ಊರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಅಚ್ಚು ಸೊಂಟದ ಕೀಲಿನ ಕೆಳಗೇ ಇರಬೇಕು. ತೀರ ಹಿಂದಕ್ಕೆ ಸರಿದರೆ ಮುಂಗಾಲಿನ ಮೇಲೆ ಹೊರೆ ಹೆಚ್ಚಿ ನಾಯಿ ಬೇಗ ದಣಿಯುತ್ತದೆ.