ಬೆಳ್ಳಂದೂರಿನಿಂದ ಮಂಗಳೂರಿಗೆ: ಎರಡು ದಿನದಲ್ಲಿ ನೋಡುವುದು ಹೇಗೆ?

ರಜೆ ಸಿಕ್ಕಿತೆಂದರೆ ನಮ್ಮ ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೋಕರ್ಣ, ಉಡುಪಿ, ಧರ್ಮಸ್ಥಳದ ಮಾತು ಶುರುವಾಗುತ್ತದೆ. ಮಂಗಳೂರು ಎಂದರೆ ಬಸ್ಸು ಬದಲಿಸುವ ಊರು ಎಂದೇ ಹಲವರ ಲೆಕ್ಕ. ಆ ಲೆಕ್ಕ ಸರಿಯಲ್ಲ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಈ ಹಳೆಯ ಬಂದರು ಪಟ್ಟಣಕ್ಕೆ ಎರಡು ಹಗಲು ಬೇಕೇ ಬೇಕು.

ಬೆಳ್ಳಂದೂರು ದಾಟುವುದೇ ಕಷ್ಟವಲ್ಲವೇ ಎಂದು ನೀವು ಕೇಳಬಹುದು. ನಿಜ. ಶುಕ್ರವಾರ ಸಂಜೆ ಕ್ಯಾಬ್ ಹಿಡಿದು ಸಿಲ್ಕ್ ಬೋರ್ಡ್ ಕಡೆ ಹೋದರೆ ಬಸ್ಸು ತಪ್ಪುವ ಭಯ ಇದ್ದೇ ಇದೆ. ಅದರ ಬದಲು ಹೊರವರ್ತುಲ ರಸ್ತೆಯಲ್ಲಿ 500-ಡಿ ಬಸ್ಸು ಹತ್ತಿ ಕೆ.ಆರ್. ಪುರದ ಕಡೆಗೆ ಹೋಗಿ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ನೇರವಾಗಿ ಮೆಜೆಸ್ಟಿಕ್‌ಗೆ ತಲುಪಿಸುತ್ತದೆ. ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡೂ ಅಲ್ಲೇ. ವಿಮಾನದ ಹಾರಾಟ ಒಂದು ಗಂಟೆಯದೇ ಆದರೂ, ಬೆಳ್ಳಂದೂರಿನವರಿಗೆ ದೇವನಹಳ್ಳಿ ಮುಟ್ಟುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಮಂಗಳೂರು ಸುಮಾರು 350 ಕಿ.ಮೀ. ದೂರ. ರಾತ್ರಿ ಬಸ್ಸು ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಬೆಳಗಿನ ಹೊತ್ತಿಗೆ ತಲುಪುತ್ತದೆ. ಹೋಗುವಾಗಲೋ ಬರುವಾಗಲೋ ಒಮ್ಮೆಯಾದರೂ ಹಗಲು ರೈಲು ಹತ್ತಿ ಎನ್ನುವುದು ನನ್ನ ಸಲಹೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಇಳಿಜಾರು ಕಡಿದಾದ್ದರಿಂದ ರೈಲು ನಿಧಾನ: ಪ್ರತಿ 50 ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರದ ವ್ಯತ್ಯಾಸ. ಯಶವಂತಪುರದಿಂದ ಹೊರಡುವ ಹಗಲು ರೈಲುಗಳಿಗೆ 2021ರಲ್ಲಿ ವಿಸ್ಟಾಡೋಮ್ ಬೋಗಿ ಜೋಡಿಸಿದರು. ವಿಸ್ಟಾಡೋಮ್ ಎಂದರೆ ಅಗಲ ಕಿಟಕಿ, ಗಾಜಿನ ಚಾವಣಿ ಇರುವ ಬೋಗಿ. ಇವು ಓಡುವ ದಿನಗಳು ಬದಲಾಗುತ್ತಿರುತ್ತವೆ, ಐಆರ್‌ಸಿಟಿಸಿ ಆ್ಯಪ್‌ನಲ್ಲಿ ನೋಡಿಕೊಂಡೇ ಹೊರಡಿ.

ಊರೊಳಗೆ ತಿರುಗಾಡಲು ಖಾಸಗಿ ಸಿಟಿ ಬಸ್ಸುಗಳೇ ಅನುಕೂಲ. ಹೆಚ್ಚಿನವು ಸ್ಟೇಟ್‌ಬ್ಯಾಂಕ್ ಎಂದು ಜನ ಕರೆಯುವ ನಿಲ್ದಾಣದಿಂದ ಹೊರಡುತ್ತವೆ. ತುಳು ಬಾರದಿದ್ದರೂ ಚಿಂತೆಯಿಲ್ಲ, ಕನ್ನಡದಲ್ಲಿ ಕೇಳಿದರೆ ಎಲ್ಲಿ ಇಳಿಯಬೇಕೆಂದು ಕಂಡಕ್ಟರ್ ಹೇಳುತ್ತಾರೆ.

ಕರಾವಳಿಯ ಸೆಕೆ ನೋಡಿಕೊಂಡು ಜಾಗಗಳನ್ನು ಜೋಡಿಸಿಕೊಳ್ಳಬೇಕು. ಬೆಳಿಗ್ಗೆ ಕದ್ರಿಗೆ ಹೋಗಿ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಅವಸರ ಮಾಡದೆ ನೋಡಿ. ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ ಇದನ್ನು ಪ್ರತಿಷ್ಠಾಪಿಸಿದ್ದು ಕ್ರಿ.ಶ. 968ರಲ್ಲಿ ಎಂದು ಪೀಠದ ಶಾಸನದಿಂದ ತಿಳಿಯುತ್ತದೆ. ಬೌದ್ಧರ ಅವಲೋಕಿತೇಶ್ವರನ ಲಕ್ಷಣಗಳು ಇದರಲ್ಲಿವೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಲವರು ಮಂಜುನಾಥನ ದರ್ಶನ ಮುಗಿಸಿ ಹಾಗೆಯೇ ಹೊರಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಬಿಸಿಲು ಏರಿದ ಮೇಲೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಬನ್ನಿ. ಹೊರಗಿನಿಂದ ಸಾಮಾನ್ಯ ಕಟ್ಟಡದಂತೆ ಕಂಡರೂ ಒಳಗೆ ಗೋಡೆ, ಕಮಾನು, ಚಾವಣಿಯ ತುಂಬ ಚಿತ್ರಗಳಿವೆ. ಬರೆದವರು ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ, 1900ರ ಆಸುಪಾಸಿನಲ್ಲಿ. ಹಲವು ಚಿತ್ರಗಳು ಫ್ರೆಸ್ಕೊ ಬಗೆಯವು. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಅದರ ಮೇಲೆ ಬಣ್ಣ ಹಚ್ಚುವುದು. ಗಾರೆ ಒಣಗುತ್ತ ಗಟ್ಟಿಯಾದಂತೆ ಬಣ್ಣವೂ ಅದರೊಳಗೇ ಸೇರಿಹೋಗುತ್ತದೆ. ಆದ್ದರಿಂದ ಆ ದಿನ ಎಷ್ಟು ಚಿತ್ರ ಮುಗಿಸಬಹುದೋ ಅಷ್ಟೇ ಗಾರೆ ಮೆತ್ತಬೇಕು, ತಪ್ಪಿದರೆ ಆ ಭಾಗವನ್ನು ಕೆತ್ತಿ ತೆಗೆಯಬೇಕು. ವರ್ಷದ ನಾಲ್ಕು ತಿಂಗಳು ಗೋಡೆಗಳು ತೇವ ಹೀರುವ ಊರಿನಲ್ಲಿ ಇವು ಉಳಿದಿರುವುದೇ ದೊಡ್ಡದು. ಒಳಗೆ ಸಾಮಾನ್ಯವಾಗಿ ಫೋಟೊ ತೆಗೆಯಲು ಬಿಡುವುದಿಲ್ಲ. ಪೂಜೆಯ ಹೊತ್ತಿನಲ್ಲಿ ಪ್ರವಾಸಿಗಳಿಗೆ ಪ್ರವೇಶವಿಲ್ಲ, ಹಾಗಾಗಿ ಭಾನುವಾರ ಬೆಳಿಗ್ಗೆ ಬೇಡ.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಇದು. ಚಿತ್ರದುರ್ಗದಂಥ ಕೋಟೆ ನೆನೆಸಿಕೊಂಡು ಹೋದರೆ ನಿರಾಸೆಯಾದೀತು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಬುರುಜಿನ ಮೇಲೆ ನಿಂತು ನದಿಯ ತಿರುವು ನೋಡಿದರೆ ಈ ಜಾಗವನ್ನೇ ಏಕೆ ಆರಿಸಿದರೆಂದು ಗೊತ್ತಾಗುತ್ತದೆ. ಪಕ್ಕದಲ್ಲೇ ಆಚೆ ದಡಕ್ಕೆ ದೋಣಿ ಸಿಗುತ್ತದೆ. ಇಳಿದು ನಡೆದರೆ ತಣ್ಣೀರುಬಾವಿ ಬೀಚ್. ವಾಪಸು ಬರುವ ಕೊನೆಯ ದೋಣಿಯ ಹೊತ್ತನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ.

ಮಕ್ಕಳಿದ್ದರೆ ಎರಡನೆಯ ದಿನ ವಾಮಂಜೂರಿನ ಪಿಲಿಕುಳಕ್ಕೆ ಕೊಡಿ. ಪ್ರಾಣಿ ಸಂಗ್ರಹಾಲಯ, ಕುಶಲಕರ್ಮಿಗಳ ಗ್ರಾಮ, 2018ರಲ್ಲಿ ಶುರುವಾದ ತ್ರೀಡಿ ತಾರಾಲಯ ಎಲ್ಲ ಅಲ್ಲಿವೆ. ಸೋಮವಾರ ರಜೆ. ಸಂಜೆ ಕುದ್ರೋಳಿ ಗೋಕರ್ಣನಾಥ ಕ್ಷೇತ್ರಕ್ಕೆ ಹೋಗಬಹುದು. ಬೇರೆ ಗುಡಿಗಳೊಳಗೆ ಪ್ರವೇಶವಿಲ್ಲದ ಬಿಲ್ಲವರ ಕೋರಿಕೆಯ ಮೇರೆಗೆ ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಪ್ರತಿಷ್ಠೆ ಮಾಡಿದರು.

ಖರ್ಚಿನಲ್ಲಿ ಹೆಚ್ಚು ಪಾಲು ಪ್ರಯಾಣ ಮತ್ತು ರೂಮಿಗೆ ಹೋಗುತ್ತದೆ. ಪಿಲಿಕುಳದಲ್ಲಿ ಒಂದೊಂದು ವಿಭಾಗಕ್ಕೂ ಬೇರೆ ಟಿಕೆಟ್ ಇದೆ. ಉಳಿದ ಕಡೆ ಜೇಬಿಗೆ ಭಾರವಿಲ್ಲ. ಬಸ್ಸುಗಳಲ್ಲಿ ಕೆಂಪು ಬಸ್ಸು ಎಲ್ಲಕ್ಕಿಂತ ಅಗ್ಗ. ರಾಜಹಂಸ, ಐರಾವತ, ಅಂಬಾರಿ ಎಂದು ಮೇಲೇರಿದಂತೆ ದರವೂ ಏರುತ್ತದೆ. ಉದ್ದ ರಜೆಗಳಲ್ಲಿ ಖಾಸಗಿ ಬಸ್ಸಿನ ದರ ವಿಪರೀತ ಜಿಗಿಯುವುದರಿಂದ ಕೆಎಸ್‌ಆರ್‌ಟಿಸಿ ಸೀಟನ್ನು ಮೊದಲೇ ಕಾಯ್ದಿರಿಸಿ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿಯಲ್ಲಿ ಗುಡ್ಡ ಕುಸಿಯುವುದುಂಟು, ಕಡಲೂ ಅಬ್ಬರಿಸುತ್ತಿರುತ್ತದೆ. ಆ ದಿನಗಳಲ್ಲಿ ಹೋದವರು ದಯವಿಟ್ಟು ದಡದಿಂದಲೇ ಕಡಲು ನೋಡಿ, ನೀರಿಗೆ ಇಳಿಯಬೇಡಿ.