ಧಾರಕದಲ್ಲಿ ಶಕ್ತಿಸಂಗ್ರಹ: ಉಪಯೋಗ ಮತ್ತು ಎಚ್ಚರಿಕೆ

ವಿದ್ಯುನ್ಮಾನ ಉಪಕರಣಗಳ ಪ್ರಮುಖ ಘಟಕಗಳಲ್ಲಿ ಧಾರಕವೂ ಒಂದು. ಕೆಪಾಸಿಟರ್ ಅಥವಾ ಕಂಡೆನ್ಸರ್ ಎಂದು ಜನಬಳಕೆಯಲ್ಲಿರುವುದು ಇದೇ. ಎರಡು ಲೋಹದ ಫಲಕಗಳು ಮತ್ತು ಅವುಗಳ ನಡುವೆ ಪ್ಲಾಸ್ಟಿಕ್, ಪಿಂಗಾಣಿ ಮೊದಲಾದ ಅವಾಹಕದ ತೆಳು ಪದರ, ಇಷ್ಟೇ ಇದರ ಮೂಲರಚನೆ. ಫಲಕಗಳಿಗೆ ವೋಲ್ಟೇಜು ಒದಗಿಸಿದಾಗ ಒಂದರಲ್ಲಿ ಧನ ಆವೇಶವೂ ಇನ್ನೊಂದರಲ್ಲಿ ಋಣ ಆವೇಶವೂ ಶೇಖರವಾಗುತ್ತವೆ. ಅವುಗಳ ನಡುವಣ ವಿದ್ಯುತ್ ಕ್ಷೇತ್ರದಲ್ಲಿ ಶಕ್ತಿಯು ಸಂಗ್ರಹಗೊಳ್ಳುತ್ತದೆ.

ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಈ ಶಕ್ತಿಯ ಪ್ರಮಾಣ ದೊರೆಯುತ್ತದೆ. 100 ಮೈಕ್ರೋಫ್ಯಾರಡ್ ಧಾರಕವು 100 ವೋಲ್ಟ್‌ನಲ್ಲಿ ಅರ್ಧ ಜೂಲ್ ಶಕ್ತಿಯನ್ನು ಹಿಡಿದಿಟ್ಟರೆ, 200 ವೋಲ್ಟ್‌ನಲ್ಲಿ 2 ಜೂಲ್ ಹಿಡಿದಿಡುತ್ತದೆ. ವೋಲ್ಟೇಜು ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಬ್ಯಾಟರಿಗೆ ಹೋಲಿಸಿದರೆ ಈ ಸಂಗ್ರಹ ಅಲ್ಪವಾದರೂ ಅದನ್ನು ಕ್ಷಣಾರ್ಧದಲ್ಲಿ ಹೊರಹಾಕುವುದು ಧಾರಕದ ವೈಶಿಷ್ಟ್ಯ.

ಗುಜರಾತಿನ ಕೈಗಾರಿಕೆ ಮತ್ತು ಸಂಶೋಧನೆಗಳಲ್ಲಿ ಇದರ ಉಪಯೋಗವನ್ನು ಕಾಣಬಹುದು. ಸೂರತ್ ನಗರವು ವಿದ್ಯುತ್ ಮಗ್ಗಗಳಿಗೆ ಹೆಸರಾಗಿದೆ. ಮಗ್ಗದ ಮೋಟಾರು ತನ್ನ ಕಾಂತಕ್ಷೇತ್ರಕ್ಕಾಗಿ ಪಡೆದ ಶಕ್ತಿಯನ್ನು ಸೆಕೆಂಡಿಗೆ 100 ಬಾರಿ ಪಡೆದು ಹಿಂದಿರುಗಿಸುತ್ತದೆ. ಮೋಟಾರಿನ ಬಳಿ ಧಾರಕವನ್ನು ಜೋಡಿಸಿದರೆ ಈ ಕೊಡುಕೊಳ್ಳುವಿಕೆ ಅಲ್ಲಿಯೇ ನಡೆದು, ತಂತಿಗಳ ಮೇಲಿನ ಹೊರೆ ತಗ್ಗುತ್ತದೆ. 1974ರಲ್ಲಿ ಸ್ಥಾಪಿತವಾದ ವಡೋದರದ 'ಎರ್ಡಾ' ಸಂಸ್ಥೆಯಲ್ಲಿ ಧಾರಕಗಳೂ ಸೇರಿದಂತೆ ವಿವಿಧ ವಿದ್ಯುತ್ ಸಾಧನಗಳ ಪರೀಕ್ಷೆ ನಡೆಯುತ್ತದೆ. ಅಹಮದಾಬಾದಿನ ಸಮೀಪದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಕಾರ್ಯಾರಂಭ ಮಾಡಿದ 'ಆದಿತ್ಯ' ಟೋಕಮಾಕ್ ಯಂತ್ರದ ಮೊದಲ ಹಂತದ ಪ್ರಯೋಗಗಳಿಗೆ ಧಾರಕಗಳ ಸಮೂಹವೇ ಶಕ್ತಿಯನ್ನು ಒದಗಿಸಿತು.

ಧಾರಕದ ಈ ಗುಣವೇ ಅಪಾಯಕ್ಕೂ ಕಾರಣವಾಗಬಲ್ಲದು. ಸ್ವಿಚ್ ಆರಿಸಿ ಪ್ಲಗ್ ತೆಗೆದ ಮೇಲೂ ಆವೇಶ ಉಳಿದಿರುತ್ತದೆ. 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ನೇರವಾಗಿ ಏಕಮುಖಗೊಳಿಸುವ ಉಪಕರಣಗಳಲ್ಲಿ ಧಾರಕದ ವೋಲ್ಟೇಜು ಸುಮಾರು 325ರವರೆಗೆ ಏರುತ್ತದೆ. ಅದನ್ನು ಸ್ಪರ್ಶಿಸಿದರೆ ಪ್ರಾಣಾಪಾಯ ಸಂಭವಿಸಬಹುದು. ಆದುದರಿಂದ ಆವೇಶವನ್ನು ಬರಿದುಮಾಡಲು ರೋಧಕವನ್ನು ಅಳವಡಿಸುತ್ತಾರೆ. 100 ಮೈಕ್ರೋಫ್ಯಾರಡ್ ಧಾರಕಕ್ಕೆ 1 ಲಕ್ಷ ಓಮ್ ರೋಧಕವಿದ್ದಲ್ಲಿ, 50 ಸೆಕೆಂಡುಗಳಲ್ಲಿ ವೋಲ್ಟೇಜು ಮೂಲದ ಶೇಕಡ 1ಕ್ಕಿಂತಲೂ ಕೆಳಗಿಳಿಯುತ್ತದೆ. ಆದರೆ ರೋಧಕವೇ ಕೆಟ್ಟಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ. ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡ ಅನಂತರವೇ ದುರಸ್ತಿಗೆ ತೊಡಗಬೇಕು. ಸ್ಕ್ರೂಡ್ರೈವರ್‌ನಿಂದ ಎರಡು ತುದಿಗಳನ್ನು ಕೂಡಿಸುವುದು ಸಲ್ಲದು. ತರಬೇತಿ ಇಲ್ಲದವರು ಇಂತಹ ಉಪಕರಣಗಳನ್ನು ಬಿಚ್ಚದಿರುವುದೇ ಕ್ಷೇಮ.