ನಿಮಗಿದು ಗೊತ್ತೆ? ಮಾತ್ರೆಗೆ ಅಡ್ಡ ಬರುವ ತೊವ್ವೆ, ಮೊಸರು!

ಪಾರ್ಕಿನ್ಸನ್ ಕಾಯಿಲೆ ಇರುವವರು ನುಂಗುವ ಲೆವೊಡೋಪಾ ಮಾತ್ರೆಗೆ ತಟ್ಟೆಯಲ್ಲಿರುವ ತೊವ್ವೆ, ಮೊಸರು, ಮೊಟ್ಟೆ ಅಡ್ಡಗಾಲು ಹಾಕಬಲ್ಲವು! ಲೆವೊಡೋಪಾ ಒಂದು ಅಮೈನೊ ಆಮ್ಲ. ಪ್ರೊಟೀನ್ ಜೀರ್ಣವಾದಾಗ ಸಿಗುವುದೂ ಅಮೈನೊ ಆಮ್ಲಗಳೇ. ಸಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಔಷಧಕ್ಕೂ ಇವುಗಳಲ್ಲಿ ಕೆಲವಕ್ಕೂ ಇರುವುದು ಒಂದೇ ವಾಹಕ. ಹಬ್ಬದ ಹಿಂದಿನ ದಿನದ ಬಸ್ಸಿನಂತೆ ಅಲ್ಲಿ ನೂಕುನುಗ್ಗಲು. ಔಷಧ ಹಿಂದೆ ಉಳಿಯುತ್ತದೆ. ಬೆಳಗ್ಗೆ ಸಲೀಸಾಗಿ ಅಂಗಿಯ ಗುಂಡಿ ಹಾಕಿಕೊಂಡವರಿಗೇ ಮಧ್ಯಾಹ್ನ ಉಂಡೆದ್ದ ಮೇಲೆ ಕೈ ನಡುಗಬಹುದು, ಹೆಜ್ಜೆ ಭಾರವಾಗಬಹುದು.

ಅದಕ್ಕೇ ಈ ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ 30 ನಿಮಿಷ ಮೊದಲು ಇಲ್ಲವೇ ಊಟವಾಗಿ 1 ಗಂಟೆಯ ನಂತರ ತೆಗೆದುಕೊಳ್ಳಲು ಹೇಳುತ್ತಾರೆ. ಬರಿಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದರೆ ಜೊತೆಗೆ ಬಾಳೆಹಣ್ಣು ತಿನ್ನಬಹುದು, ಅದರಲ್ಲಿ ಪ್ರೊಟೀನ್ ಅತಿ ಕಡಿಮೆ. ಕೆಲವರಿಗೆ ಕಾಳು, ಮೊಟ್ಟೆ, ಪನೀರನ್ನು ಹೆಚ್ಚಾಗಿ ರಾತ್ರಿಯೂಟಕ್ಕೆ ಇಟ್ಟುಕೊಂಡರೆ ಹಗಲು ಹಗುರವಾಗುತ್ತದೆ.

ಈ ತೊಂದರೆ ಎಲ್ಲರಿಗೂ ಇರುವುದಿಲ್ಲ. ಕಾಯಿಲೆ ಹಳೆಯದಾಗಿ, ಮಾತ್ರೆಯ ಪರಿಣಾಮ ಏರಿಳಿಯತೊಡಗಿದವರಲ್ಲಿ ಹೆಚ್ಚು. ಹಾಗೆಂದು ಬೇಳೆ-ಕಾಳನ್ನೇ ಬಿಟ್ಟರೆ ದೊಡ್ಡ ಅನಾಹುತ. ಪಾರ್ಕಿನ್ಸನ್‌ನಲ್ಲಿ ಮೊದಲೇ ತೂಕ ಇಳಿಯುವುದುಂಟು. ಪ್ರೊಟೀನ್ ಇಲ್ಲದೆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ಬದಲಿಸಬೇಕಾದ್ದು ಹೊತ್ತನ್ನು ಮಾತ್ರ, ಅದೂ ವೈದ್ಯರನ್ನು ಕೇಳಿಯೇ.

ಕಬ್ಬಿಣಾಂಶದ ಮಾತ್ರೆಯೂ ಲೆವೊಡೋಪಾ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ನುಂಗಬಾರದು.